ಮೇಷ್ಟ್ರು ಹೋದಾಗ ಅವರು ಕಲಿಸಿದ ತತ್ವಶಾಸ್ತ್ರ ಸಮಾಧಾನ ಕೊಟ್ಟಿತಾ?

ನನ್ನ ತತ್ವಶಾಸ್ತ್ರದ ಮೇಷ್ಟ್ರು ತೀರಿಕೊಂಡ ಮೇಲೆ ಎಲ್ಲರೂ ಕೇಳುವುದು ಇದೊಂದೇ. ಸಾವಿನ ಬಗ್ಗೆ ಅಷ್ಟೆಲ್ಲ ಓದಿದ್ದೀರಿ, ಅದೂ ಅವರ ಹತ್ತಿರವೇ ಓದಿದ್ದೀರಿ. ಅವರೇ ಹೋದಾಗ ಆ ಓದು ಸಹಾಯಕ್ಕೆ ಬಂತಾ?

ದುಃಖ ಒಂದಿಷ್ಟೂ ಕಮ್ಮಿಯಾಗಲಿಲ್ಲ. ಆದರೆ ನಾನು ಯಾರಿಗಾಗಿ ಅಳುತ್ತಿದ್ದೇನೆ ಅನ್ನುವುದು ಸ್ಪಷ್ಟವಾಯಿತು.

ಸಾವಿನ ವಿಷಯದಲ್ಲಿ ಮೇಷ್ಟ್ರು ಎಪಿಕ್ಯುರಸ್‌ನ ಪಕ್ಷ. ಈ ಗ್ರೀಕ್ ಚಿಂತಕ ಕ್ರಿಸ್ತಪೂರ್ವ 270ರಲ್ಲಿ ತೀರಿಕೊಂಡವನು. ಅವನ ವಾದ ಚಿಕ್ಕದು. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಹಾಗಿದ್ದ ಮೇಲೆ ಸತ್ತವನಿಗೆ ಸಾವಿನಿಂದ ಯಾವ ಕೆಡುಕೂ ಇಲ್ಲ. ನಾನು ಇದನ್ನು ಒಪ್ಪುತ್ತಿರಲಿಲ್ಲ. ಸಾವಿನ ಬಗ್ಗೆ ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗೆಲ್ 1970ರಲ್ಲಿ ಬರೆದ ಲೇಖನ ಹಿಡಿದುಕೊಂಡು ಅವರ ಕೋಣೆಗೆ ಹೋಗುತ್ತಿದ್ದೆ. ಬದುಕಿದ್ದರೆ ಸಿಗುತ್ತಿದ್ದ ಒಳ್ಳೆಯದನ್ನೆಲ್ಲ ಸಾವು ಕಿತ್ತುಕೊಳ್ಳುತ್ತದೆ, ಅದೇ ಅದರ ಕೆಡುಕು ಅನ್ನುತ್ತಾನೆ ನೇಗೆಲ್. "ನೀನು ಹುಟ್ಟುವುದಕ್ಕೆ ಮುಂಚಿನ ಕಾಲವೂ ನಿನಗೆ ಸಿಗಲಿಲ್ಲವಲ್ಲ, ಅದಕ್ಕೆ ಯಾಕೆ ಅಳಲ್ಲ?" ಎಂದು ಮೇಷ್ಟ್ರು ರೋಮಿನ ಕವಿ ಲುಕ್ರೀಶಿಯಸ್‌ನನ್ನು ಎದುರಿಗೆ ನಿಲ್ಲಿಸುತ್ತಿದ್ದರು. ಬಹಳ ಮುಂಚೆ ಹುಟ್ಟಿದವನು ನಾನೇ ಆಗಿರಲಾರೆ, ಆದರೆ ಇನ್ನಷ್ಟು ಕಾಲ ಬದುಕುವವನು ನಾನೇ, ಎಂಬ ನೇಗೆಲ್‌ನ ಉತ್ತರವನ್ನು ನಾನು ಕೊಡುತ್ತಿದ್ದೆ.

ಆಗ ಅವರು ಮಾಡುತ್ತಿದ್ದದ್ದು ನನಗೆ ತುಂಬಾ ಇಷ್ಟ. ನನ್ನ ವಾದವನ್ನು ಮೊದಲು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ನಾನು ಬಿಟ್ಟ ಹೆಜ್ಜೆಯನ್ನೂ ಸೇರಿಸುತ್ತಿದ್ದರು. "ನೀನು ಹೇಳಿದ್ದು ಇದೇ ತಾನೆ?" ಎಂದು ಕೇಳಿ, ನಾನು ಹೂಂ ಅಂದ ಮೇಲೆಯೇ ಅದನ್ನು ಮುರಿಯಲು ಶುರು. ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ನ್ಯಾಯವಾಗಿ ಮಂಡಿಸದೆ ಸಿದ್ಧಾಂತಕ್ಕೆ, ಅಂದರೆ ನಮ್ಮ ನಿಲುವಿಗೆ, ಹೋಗಬಾರದು ಎಂದು ಅವರು ಪಾಠವನ್ನೇನೂ ಮಾಡಲಿಲ್ಲ. ಸುಮ್ನೆ ಹಾಗೆ ನಡೆದುಕೊಂಡರು.

ಅವರು ಹೋದ ಮೇಲೆ ಎಪಿಕ್ಯುರಸ್‌ನನ್ನು ಮತ್ತೆ ತೆಗೆದೆ. ಅವನು ಹೇಳಿದ್ದೇ ಸರಿ ಎಂದುಕೊಂಡರೂ ನನಗೆ ಅಲ್ಲಿ ಏನೂ ಸಿಗಲಿಲ್ಲ. ಆ ಮಾತು ಸಾಯುವವನ ಭಯಕ್ಕೆ ಮದ್ದು, ಉಳಿದವರಿಗಲ್ಲ.

ಉಳಿದವರ ಮಾತು ಸಿಕ್ಕಿದ್ದು ಗ್ರೀಕ್ ಚಿಂತಕ ಪ್ಲೇಟೊ ಬರೆದ 'ಫೀಡೊ' ಎಂಬ ಸಂವಾದದಲ್ಲಿ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್‌ನ ಸೆರೆಮನೆಯಲ್ಲಿ ಸಾಕ್ರೆಟಿಸ್ ವಿಷ ಕುಡಿದ ದಿನದ ಕಥೆ ಅದು. ಶಿಷ್ಯ ಫೀಡೊ ಮುಖ ಮುಚ್ಚಿಕೊಂಡು ಅಳುತ್ತಾನೆ. ಅತ್ತಿದ್ದು ಅವನಿಗಾಗಿ ಅಲ್ಲ, ಅಂಥ ಗೆಳೆಯನನ್ನು ಕಳೆದುಕೊಂಡ ನನ್ನ ದುರದೃಷ್ಟಕ್ಕಾಗಿ ಎಂದು ಆಮೇಲೆ ಹೇಳುತ್ತಾನೆ. ನನ್ನದೂ ಅದೇ ಆಗಿತ್ತು. ಅರ್ಧ ಬೆಂದ ಯೋಚನೆಯನ್ನು ನಾಚಿಕೆಯಿಲ್ಲದೆ ಮುಂದಿಡಬಹುದಾದ ಒಬ್ಬರು ಇನ್ನಿಲ್ಲ. ಅದು ಸಣ್ಣ ನಷ್ಟವಾ?

ಆದರೆ ಅದೇ ಕೃತಿಯಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಬೇರೆ ಜಾಗ. ಆತ್ಮಕ್ಕೆ ಸಾವಿಲ್ಲ ಎಂದು ಸಾಕ್ರೆಟಿಸ್ ವಾದಿಸುತ್ತಿದ್ದಾನೆ. ಸಿಮ್ಮಿಯಸ್, ಸೀಬಿಸ್ ಎಂಬ ಇಬ್ಬರಿಗೆ ಅನುಮಾನ. ಇಂಥ ಹೊತ್ತಿನಲ್ಲಿ ಕೇಳಿ ನೋಯಿಸುವುದು ಹೇಗೆ ಎಂದು ಹಿಂಜರಿಯುತ್ತಾರೆ. ಸಾಕ್ರೆಟಿಸ್ ಬಿಡುವುದಿಲ್ಲ, ಕೇಳಿ ಅನ್ನುತ್ತಾನೆ. ನನ್ನ ಚಿಂತೆ ಬಿಡಿ, ಸತ್ಯದ ಚಿಂತೆ ಮಾಡಿ ಅನ್ನುತ್ತಾನೆ. ಇನ್ನೇನು ಸ್ವಲ್ಪ ಹೊತ್ತಿನಲ್ಲಿ ಸಾಯಲಿರುವ ಮನುಷ್ಯ! ಇಬ್ಬರೂ ಗಟ್ಟಿಯಾದ ಆಕ್ಷೇಪಗಳನ್ನೇ ಎತ್ತುತ್ತಾರೆ, ಅವನು ಅಷ್ಟೇ ಆಸಕ್ತಿಯಿಂದ ಕೇಳಿಸಿಕೊಳ್ಳುತ್ತಾನೆ.

ಮೇಷ್ಟ್ರ ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಹೊಗಳಿದರು. ಹೊಗಳಿಕೆಯೆಲ್ಲ ನಿಜ. ಆದರೂ ಅವರ ಒಂದು ವಾದವನ್ನಾದರೂ ಯಾರಾದರೂ ಎತ್ತಿಕೊಂಡು, ಇಲ್ಲಿ ನನಗೆ ಒಪ್ಪಿಗೆಯಿಲ್ಲ ಅಂದಿದ್ದರೆ ಅವರಿಗೆ ಸಲ್ಲಬೇಕಾದ ಗೌರವ ಸಲ್ಲುತ್ತಿತ್ತು ಅನ್ನಿಸಿತು. ಹಾಗಾಗಿ ಅದನ್ನು ಇಲ್ಲಿ ನಾನೇ ಮಾಡುತ್ತೇನೆ.

ಮೇಷ್ಟ್ರೇ, ನಿಮಗೇನೂ ನಷ್ಟವಾಗಿಲ್ಲ ಎಂದು ನೀವೇ ವಾದಿಸುತ್ತಿದ್ದಿರಿ. ನಷ್ಟ ಅನುಭವಿಸಲು ನೀವೇ ಇಲ್ಲ ಅನ್ನುವುದು ನಿಮ್ಮ ಪಕ್ಷ, ಅಲ್ವಾ? ನನ್ನ ಆಕ್ಷೇಪ ಇದು. ನಂಬಿದವರು ಬೆನ್ನ ಹಿಂದೆ ಮೋಸ ಮಾಡಿದರೆ, ಅದು ಕೊನೆಯವರೆಗೂ ಗೊತ್ತಾಗದಿದ್ದರೂ, ಕೆಡುಕಾದದ್ದು ಮೋಸಹೋದವನಿಗೇ. ಅಂದರೆ ಅನುಭವಕ್ಕೆ ಬಾರದ ಕೆಡುಕೂ ಉಂಟು. ಅವನು ಬದುಕಿದ್ದಾನೆ, ಸತ್ತವನು ಇಲ್ಲ ಎಂದು ನೀವು ತಕ್ಷಣ ಹೇಳುತ್ತೀರಿ, ಗೊತ್ತು. ಆದರೆ ನಷ್ಟವಾದದ್ದು ಈಗ ಇಲ್ಲದ ನಿಮಗಲ್ಲ. ಓದಬೇಕೆಂದು ಪುಸ್ತಕ ತೆಗೆದಿಟ್ಟಿದ್ದ, ಲೇಖನವೊಂದನ್ನು ಅರ್ಧ ಬರೆದಿದ್ದ ನಿಮಗೆ. ಆ ನೀವು ಇದ್ದಿರಿ. ಇದನ್ನು ಹೇಗೆ ಮುರಿಯುತ್ತೀರಿ?