ಕೇಳುವ ಮೊದಲೇ ಬಂದ ಉತ್ತರ

ಒಂದೇ ಆರ್ಡರ್ ಯಾಕೆ ಎರಡು ಸಲ ದಾಖಲಾಯ್ತು ಅಂತ ಹುಡುಕುತ್ತಾ ಆಪ್ ಸರ್ವರ್ ಲಾಗ್, ಡೇಟಾಬೇಸ್ ಲಾಗ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಆಪ್ ಸರ್ವರ್ ಕ್ವೆರಿ ಕಳಿಸಿದ್ದು 10:42:17ಕ್ಕೆ. ಡೇಟಾಬೇಸ್ ಅದನ್ನು ಮುಗಿಸಿದ್ದು 10:42:13ಕ್ಕೆ! ಕೇಳುವ ಮೊದಲೇ ಉತ್ತರ.

ಎರಡರಲ್ಲೂ ಡೇಟ್ ಕಮಾಂಡ್ ಓಡಿಸಿದೆ. ಆಪ್ ಸರ್ವರ್ ನಾಲ್ಕು ಸೆಕೆಂಡ್ ಮುಂದಿತ್ತು. ಆದರೆ ನೆಟ್‌ವರ್ಕ್ ಮೂಲಕ ಸಮಯ ಕೇಳಿ ಮೆಷಿನ್ನಿನ ಗಡಿಯಾರ ಸರಿಪಡಿಸುವ ಕ್ರೋನಿ ಸರ್ವಿಸ್ ನೋಡಿದರೆ ಹಸಿರು ಬಣ್ಣದಲ್ಲಿ 'ರನ್ನಿಂಗ್' ಅಂತ ಆರಾಮಾಗಿ ಕೂತಿದೆ. ಈ ಹಸಿರು ಬಣ್ಣದಷ್ಟು ದಾರಿ ತಪ್ಪಿಸುವುದು ಬೇರೇನಿಲ್ಲ. ಪ್ರೋಗ್ರಾಂ ಓಡುತ್ತಿದೆ ಅಂತ ಅಷ್ಟೇ ಅದರ ಅರ್ಥ, ಸಮಯ ಸರಿ ಇದೆ ಅಂತಲ್ಲ. ಸಮಯ ಎಲ್ಲಿಂದ ಬರುತ್ತಿದೆ ಅಂತ ತೋರಿಸುವ 'ಕ್ರೋನಿಸಿ ಸೋರ್ಸಸ್' ಕಮಾಂಡ್ ಕೊಟ್ಟಾಗ ನಿಜ ಹೊರಬಿತ್ತು, ಎಲ್ಲ ಸಾಲಿನಲ್ಲೂ ರೀಚ್ 0, ಅಂದರೆ ಹಿಂದಿನ ಎಂಟು ಸಲ ಕೇಳಿದ್ದಕ್ಕೆ ಒಂದೂ ಉತ್ತರ ಬಂದಿಲ್ಲ. ಯಾವಾಗಲೋ ಫೈರ್‌ವಾಲ್ ನಿಯಮ ಬಿಗಿ ಮಾಡಿದಾಗ ಸಮಯದ ಪ್ಯಾಕೆಟ್ ಓಡಾಡುವ ಯುಡಿಪಿ 123 ಪೋರ್ಟ್ ಕೂಡ ಮುಚ್ಚಿಹೋಗಿ, ತಿಂಗಳುಗಟ್ಟಲೆ ಒಂದು ಪ್ಯಾಕೆಟ್ಟೂ ವಾಪಸ್ ಬಂದಿರಲಿಲ್ಲ.

ಅಷ್ಟು ದಿನಕ್ಕೆ ಬರೀ ನಾಲ್ಕು ಸೆಕೆಂಡಾ ಅನ್ನಿಸಬಹುದು. ಆ ಮೆಷಿನ್ನಿನ ಗಡಿಯಾರ ನಡೆಸುವ ಕ್ರಿಸ್ಟಲ್ ಎಷ್ಟು ವೇಗವಾಗಿ ಓಡುತ್ತೆ ಅನ್ನುವುದನ್ನು ಕ್ರೋನಿ ಮೊದಲೇ ಕಲಿತಿರುತ್ತದೆ, ಸಂಪರ್ಕ ಹೋದ ಮೇಲೂ ಅದೇ ಲೆಕ್ಕದಲ್ಲಿ ತಿದ್ದುತ್ತಾ ಇರುತ್ತದೆ. ಆ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ ದಿನಕ್ಕೆ 86 ಮಿಲಿಸೆಕೆಂಡ್ ಜಾರುತ್ತದೆ, ಅಲ್ವಾ? ಅದು ಸದ್ದಿಲ್ಲದೆ ಕೂಡುತ್ತಾ ಹೋಯಿತು.

ಪೋರ್ಟ್ ತೆರೆಸಿದೆ. ಜೊತೆಗಿದ್ದವರು "ಸುಮ್ನೆ ರೀಸ್ಟಾರ್ಟ್ ಮಾಡಿ" ಅಂದರು. ಬೇಡ ಅಂದೆ. ನಮ್ಮ ಕಾನ್ಫಿಗ್‌ನಲ್ಲಿ 'ಮೇಕ್‌ಸ್ಟೆಪ್ 1.0 3' ಇತ್ತು, ಅಂದರೆ ಶುರುವಾದ ಮೇಲಿನ ಮೊದಲ ಮೂರು ಅಪ್‌ಡೇಟ್‌ನಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಗಡಿಯಾರ ಒಂದೇ ಏಟಿಗೆ ನೆಗೆಯುತ್ತದೆ. ಇಲ್ಲಿ ನೆಗೆಯಬೇಕಿದ್ದದ್ದು ಹಿಂದಕ್ಕೆ. ಆರ್ಡರ್ ಬರುತ್ತಿರುವಾಗ 11:05:20 ಆದ ಮೇಲೆ ಮತ್ತೆ 11:05:16 ಬಂದರೆ ಇನ್ನಷ್ಟು ಗೋಳು. ರೀಸ್ಟಾರ್ಟ್ ಇಲ್ಲದೆ 'ಬರ್ಸ್ಟ್' ಕಮಾಂಡ್ ಕೊಟ್ಟರೆ ಕ್ರೋನಿ ಬೇಗ ಬೇಗ ಸಮಯ ಕೇಳಿ, ವ್ಯತ್ಯಾಸ ಹೋಗುವವರೆಗೆ ಗಡಿಯಾರವನ್ನು ನಿಧಾನ ಮಾಡುತ್ತದೆ. ಲಿನಕ್ಸ್‌ನಲ್ಲಿ ಡೀಫಾಲ್ಟ್ ಮಿತಿ ಸೆಕೆಂಡಿಗೆ ಹನ್ನೆರಡರಲ್ಲಿ ಒಂದು ಪಾಲು, ಸಮಯ ಹಿಂದಕ್ಕೆ ಹೋಗುವುದೇ ಇಲ್ಲ.

ರೀಚ್ ಏರುವುದನ್ನು ನೋಡುತ್ತಾ ಕೂತೆ. 1, 3, 7, 17, 37... ಕೊನೆಗೆ 377. ಅದು ಆಕ್ಟಲ್ ಸಂಖ್ಯೆ, ಅಂದರೆ ಹತ್ತರ ಬದಲು ಎಂಟರ ಲೆಕ್ಕದಲ್ಲಿ ಬರೆದದ್ದು, 377 ಅಂದರೆ ಹಿಂದಿನ ಎಂಟೂ ಸಲ ಉತ್ತರ ಬಂದಿದೆ ಅಂತ.

ಆರ್ಡರ್ ಸಮಸ್ಯೆ ಮಾತ್ರ ಹಾಗೇ ಉಳಿಯಿತು. ಹಳೆಯ ಲಾಗ್‌ನಲ್ಲಿ ಯಾವ ದಿನ ಎಷ್ಟು ಕಳೆಯಬೇಕು? ಮೊದಲ ವಾರ ಅರ್ಧ ಸೆಕೆಂಡೋ, ಆಮೇಲೆ ಎರಡೋ! ಈಗ ಆರ್ಡರ್ ನಂಬರ್ ಹಿಡಿದುಕೊಂಡೇ ಒಂದೊಂದು ಸಾಲನ್ನೂ ಜೋಡಿಸುತ್ತಿದ್ದೇನೆ.