ಜಪಾನ್ ರೈಲು: ಮೊದಲು ದಾರಿ ಗೊತ್ತುಮಾಡಿ, ಪಾಸ್ ಆಮೇಲೆ ನೋಡೋಣ

ಜಪಾನ್‌ಗೆ ವಿಮಾನದ ಟಿಕೆಟ್ ಆದ ಕೂಡಲೇ ತುಂಬಾ ಜನ ಜೆಆರ್ ಪಾಸ್, ಅಂದರೆ ಜಪಾನ್ ರೈಲ್ವೇಸ್ ಕಂಪನಿಗಳ ರೈಲುಗಳಲ್ಲಿ ಗೊತ್ತಾದಷ್ಟು ದಿನ ಓಡಾಡಲು ಬಿಡುವ ಪಾಸ್, ಕೊಂಡುಬಿಡುತ್ತಾರೆ. 2023ರ ಸೆಪ್ಟೆಂಬರ್ ತನಕ ಅದರಲ್ಲಿ ತಪ್ಪೇನೂ ಇರಲಿಲ್ಲ. ದೇಶವಿಡೀ ಓಡಾಡುವ 7 ದಿನದ ಸಾಧಾರಣ ದರ್ಜೆಯ ಪಾಸ್ ಆಗ 29,650 ಯೆನ್‌ಗೆ ಸಿಗುತ್ತಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಅದು 50,000 ಆಯಿತು. 14 ದಿನದ್ದು 80,000, 21 ದಿನದ್ದು 1,00,000. ಹಳೆಯ ದರ ನೋಡಿ ಬರೆದ ಸಲಹೆಗಳು ಮಾತ್ರ ನೆಟ್‌ನಲ್ಲಿ ಹಾಗೇ ಉಳಿದಿವೆ, ಅವನ್ನು ನಂಬಿದರೆ ದುಡ್ಡು ದಂಡ.

ಲೆಕ್ಕ ಹಾಕಿ ನೋಡಿ. ಟೋಕಿಯೊದಿಂದ ಕ್ಯೋಟೊಗೆ ಶಿಂಕನ್ಸೆನ್ ಅನ್ನುವ ಅತಿವೇಗದ ರೈಲಿನಲ್ಲಿ ಕಾದಿರಿಸಿದ ಸೀಟಿಗೆ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬರಲು 28,000. ಹಿರೋಶಿಮಾ ತನಕ ಹೋಗಿ ಬಂದರೂ 40,000 ದಾಟುವುದಿಲ್ಲ. ಅಂದರೆ ಹೆಚ್ಚಿನವರು ಹೋಗುವ ಟೋಕಿಯೊ, ಕ್ಯೋಟೊ, ಒಸಾಕಾ, ಹಿರೋಶಿಮಾ ದಾರಿಗೆ 50,000ದ ಪಾಸ್ ಗಿಟ್ಟುವುದೇ ಇಲ್ಲ. ಏಳೇ ದಿನದಲ್ಲಿ ದಕ್ಷಿಣದ ಹಕಾತಾ ತನಕ ಹೋಗಿ ಬಂದು, ಜೊತೆಗೆ ಇನ್ನೂ ಒಂದೆರಡು ದೂರದ ಊರು ನೋಡುವವರಿಗೆ ಮಾತ್ರ ಅದು ಲಾಭ. ಅಷ್ಟು ಓಡಿದರೆ ಪ್ರವಾಸದ ಅರ್ಧ ರೈಲಿನಲ್ಲೇ ಕಳೆದುಹೋಗುತ್ತದೆ, ಅದೂ ನೆನಪಿರಲಿ.

ಇನ್ನೊಂದು ಕೊರತೆ: ಶಿಂಕನ್ಸೆನ್‌ಗಳಲ್ಲಿ ಎಲ್ಲಕ್ಕಿಂತ ಬೇಗ ತಲುಪಿಸುವ ನೊಜೊಮಿ ರೈಲಿಗೆ ಪಾಸ್ ನೇರವಾಗಿ ನಡೆಯುವುದಿಲ್ಲ. ಮೇಲೆ ಹಣ ಕಟ್ಟಬೇಕು, ಟೋಕಿಯೊ–ಕ್ಯೋಟೊ ನಡುವೆ 4,960 ಯೆನ್, ಹಿರೋಶಿಮಾಗೆ 6,500. ಕಟ್ಟುವ ಮನಸ್ಸಿಲ್ಲದಿದ್ದರೆ ಹೆಚ್ಚು ಕಡೆ ನಿಲ್ಲುವ ಹಿಕಾರಿ ಶಿಂಕನ್ಸೆನ್ ಹತ್ತಬೇಕು. ಅದು ಕ್ಯೋಟೊಗೆ ಸುಮಾರು 25 ನಿಮಿಷ ತಡವಾಗಿ ತಲುಪುತ್ತದೆ, ಗಂಟೆಗೆ ಬರುವುದೂ ಎರಡೇ.

ನನ್ನ ಮಟ್ಟಿಗೆ ಹೆಚ್ಚು ಉಳಿತಾಯ ಇರುವುದು ಎರಡು ಕಡೆ. ಒಂದು, ವಿಮಾನದ ಟಿಕೆಟ್ ಮಾಡುವಾಗಲೇ ಟೋಕಿಯೊದಲ್ಲಿ ಇಳಿದು ಒಸಾಕಾದಿಂದ ವಾಪಸ್ ಹೊರಡುವ ಹಾಗೆ ನೋಡಿಕೊಳ್ಳುವುದು. ಬಂದ ದಾರಿಯಲ್ಲೇ ಮರಳುವ ಶಿಂಕನ್ಸೆನ್ ಖರ್ಚು ಅಲ್ಲಿಗೆ ತಪ್ಪುತ್ತದೆ. ಎರಡು, ಒಂದು ಭಾಗದಲ್ಲಷ್ಟೇ ನಡೆಯುವ ಪ್ರಾದೇಶಿಕ ಪಾಸ್‌ಗಳು. ಪಶ್ಚಿಮ ಭಾಗದ ಜೆಆರ್ ವೆಸ್ಟ್ ಕಂಪನಿಯ ಕನ್ಸಾಯ್ (ಒಸಾಕಾ, ಕ್ಯೋಟೊ ಸುತ್ತಿನ ಪ್ರದೇಶ)–ಹಿರೋಶಿಮಾ ಏರಿಯಾ ಪಾಸ್ ತೆಗೆದುಕೊಳ್ಳಿ. 2023ರ ಅಕ್ಟೋಬರ್ ಪರಿಷ್ಕರಣೆಯಲ್ಲಿ ಅದಕ್ಕೆ 5 ದಿನಕ್ಕೆ 17,000 ಯೆನ್ ಆಯಿತು. ಒಸಾಕಾದ ಶಿಂಕನ್ಸೆನ್ ನಿಲ್ದಾಣವಾದ ಶಿನ್-ಒಸಾಕಾದಿಂದ ಹಿರೋಶಿಮಾಗೆ ಒಂದು ಕಡೆಗೇ 10,000ಕ್ಕೂ ಮೇಲೆ, ಹಾಗಾಗಿ ಒಂದು ಸಲ ಹೋಗಿ ಬಂದರೇ ಪಾಸ್‌ನ ಹಣ ಹುಟ್ಟಿತು. ಆ ಭಾಗದಲ್ಲಿ ನೊಜೊಮಿಗೂ ನಡೆಯುತ್ತದೆ, ದಾರಿಯಲ್ಲಿ ಹಿಮೇಜಿ ಕೋಟೆಗೆ ಇಳಿಯಬಹುದು, ಮಿಯಾಜಿಮಾಗೆ ಹೋಗುವ ಜೆಆರ್ ದೋಣಿಯೂ ಅದರಲ್ಲೇ ಸೇರಿದೆ. ದ್ವೀಪದ 100 ಯೆನ್ ಪ್ರವೇಶ ತೆರಿಗೆ ಮಾತ್ರ ಬೇರೆ. ಜನ ಎಡವುವುದು ಕ್ಯೋಟೊ–ಶಿನ್-ಒಸಾಕಾ ನಡುವೆ: ಅಲ್ಲಿಯ ಶಿಂಕನ್ಸೆನ್ ಜೆಆರ್ ಸೆಂಟ್ರಲ್ ಅನ್ನುವ ಬೇರೆ ಕಂಪನಿಯದು, ಈ ಪಾಸ್‌ಗೆ ಸೇರಿಲ್ಲ. ಕ್ಯೋಟೊದಿಂದ ಸಾಮಾನ್ಯ ಜೆಆರ್ ರೈಲಿನಲ್ಲಿ ಶಿನ್-ಒಸಾಕಾಗೆ ಬಂದು ಅಲ್ಲಿ ಶಿಂಕನ್ಸೆನ್ ಹತ್ತಿ.

ದೇಶವಿಡೀ ನಡೆಯುವ ಪಾಸೇ ಬೇಕು ಅಂತಾದರೆ ಕೆಲವು ಷರತ್ತು ಗೊತ್ತಿರಲಿ. ಏಜೆಂಟರ ಹತ್ತಿರ ಕೊಂಡರೆ ಕೈಗೆ ಸಿಗುವುದು ಪಾಸ್ ಅಲ್ಲ, ಬದಲಾಯಿಸಿಕೊಳ್ಳುವ ಚೀಟಿ. ಅದನ್ನು ಕೊಟ್ಟ ದಿನದಿಂದ 3 ತಿಂಗಳೊಳಗೆ ಜಪಾನಿನಲ್ಲಿ ಪಾಸ್ ಆಗಿ ಬದಲಾಯಿಸಿಕೊಳ್ಳಬೇಕು, ಆರು ತಿಂಗಳು ಮುಂಚೆ ಕೊಂಡಿಟ್ಟರೆ ಪ್ರಯೋಜನವಿಲ್ಲ. ಚೀಟಿಯ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಇರಬೇಕು. ಪಾಸ್‌ಪೋರ್ಟ್‌ನಲ್ಲಿ ‘ತಾತ್ಕಾಲಿಕ ಸಂದರ್ಶಕ’ ಅನ್ನುವ ಮುದ್ರೆ ಅಥವಾ ಸ್ಟಿಕ್ಕರ್ ಇರಲೇಬೇಕು. ಓದಲು ಅಥವಾ ಕೆಲಸಕ್ಕೆ ವೀಸಾ ಪಡೆದು ಹೋದವರಿಗೆ ಈ ಚೀಟಿಗೆ ಪಾಸ್ ಕೊಡುವುದಿಲ್ಲ. ಪಾಸ್ ಕಳೆದುಹೋದರೆ ಮತ್ತೆ ಕೊಡುವ ಮಾತೇ ಇಲ್ಲ.

ದಿನದ ಲೆಕ್ಕವೂ ಮುಖ್ಯ. ಜೆಆರ್ ಪಾಸ್‌ಗೆ ದಿನ ಅಂದರೆ ಕ್ಯಾಲೆಂಡರ್ ದಿನ. ಸಂಜೆ 7ಕ್ಕೆ ಶುರುಮಾಡಿದರೂ ಆ ದಿನ ಪೂರ್ತಿ ಖರ್ಚಾದ ಹಾಗೆ. ಟೋಕಿಯೊ ಸಬ್‌ವೇ ಟಿಕೆಟ್ ಹಾಗಲ್ಲ, ಮೊದಲು ಬಳಸಿದ ಹೊತ್ತಿನಿಂದ 24, 48 ಅಥವಾ 72 ಗಂಟೆ. ಮಧ್ಯಾಹ್ನ 2ಕ್ಕೆ ಶುರುವಾದ 24 ಗಂಟೆಯದು ಮರುದಿನದ ಮಧ್ಯಾಹ್ನಕ್ಕೂ ಬರುತ್ತದೆ. ಆದರೆ ಅದು ಟೋಕಿಯೊ ಮೆಟ್ರೊ ಮತ್ತು ತೊಎಯ್ ಸಬ್‌ವೇಗೆ ಮಾತ್ರ. ಟೋಕಿಯೊವನ್ನು ಸುತ್ತುವ ಯಾಮಾನೊತೆ ಜೆಆರ್ ಮಾರ್ಗ, ಅಲ್ಲಿ ನಡೆಯುವುದಿಲ್ಲ.

ಊರೊಳಗಿನ ಓಡಾಟಕ್ಕೆ ಸುಯಿಕಾ ಅಥವಾ ಇಕೊಕಾದಂಥ ಐಸಿ ಕಾರ್ಡ್ (ಮೊದಲೇ ಹಣ ತುಂಬಿ ಗೇಟಿಗೆ ಮುಟ್ಟಿಸುವ ಕಾರ್ಡ್) ಸಾಕು. ಐಫೋನ್ 8 ಮತ್ತು ಅದರ ನಂತರದ್ದರಲ್ಲಿ ಸುಯಿಕಾವನ್ನು ಫೋನಿಗೇ ಸೇರಿಸಬಹುದು. ಜಪಾನಿನ ಹೊರಗೆ ಕೊಂಡ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಆಗುವುದಿಲ್ಲ, ಕಾರ್ಡೇ ಕೊಳ್ಳಿ. ಕಾರ್ಡಿನಲ್ಲಿ 20,000 ಯೆನ್‌ಗಿಂತ ಹೆಚ್ಚು ಇಡಲು ಬರುವುದಿಲ್ಲ. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ದರ. ಮಕ್ಕಳ ಕಾರ್ಡ್ ಮಾಡಿಸಲು ಮಗುವಿನ ಪಾಸ್‌ಪೋರ್ಟ್ ತೋರಿಸಬೇಕು. ಕಾರ್ಡ್ ದೇಶದ ಎಷ್ಟೋ ಊರುಗಳಲ್ಲಿ ನಡೆಯುತ್ತದೆ, ಆದರೆ ಒಂದು ವಲಯದಲ್ಲಿ ಒಳಗೆ ಹೋಗಿ ಇನ್ನೊಂದು ವಲಯದಲ್ಲಿ ಹೊರಗೆ ಬರಲು ಬಿಡುವುದಿಲ್ಲ. ಟೋಕಿಯೊದಲ್ಲಿ ಸುಯಿಕಾ ಮುಟ್ಟಿಸಿ ಒಳಹೋಗಿ ದೂರದ ಒಸಾಕಾದಲ್ಲಿ ಇಳಿದರೆ ಗೇಟು ತೆರೆಯುವುದಿಲ್ಲ, ಸಿಬ್ಬಂದಿ ಹತ್ತಿರವೇ ಬಗೆಹರಿಸಿಕೊಳ್ಳಬೇಕು.

ಶಿಂಕನ್ಸೆನ್‌ಗೆ ಕಾಗದದ ಟಿಕೆಟ್ ಕೊಂಡರೆ ಸಾಮಾನ್ಯವಾಗಿ ಎರಡು ಬರುತ್ತವೆ. ಒಂದು ದೂರಕ್ಕೆ ತಕ್ಕ ಮೂಲ ದರದ್ದು, ಇನ್ನೊಂದು ವೇಗದ ರೈಲಿನ ಹೆಚ್ಚುವರಿಯದು. ಗೇಟಿನ ಸೀಳಿಗೆ ಎರಡನ್ನೂ ಒಟ್ಟಿಗೆ ಜೋಡಿಸಿ ಹಾಕಬೇಕು. ಒಂದನ್ನೇ ಹಾಕಿದರೆ ರೆಕ್ಕೆ ಮುಚ್ಚಿಕೊಳ್ಳುತ್ತದೆ, ಹಿಂದಿನವರು ಕಾಯುತ್ತಾರೆ. ಟಿಕೆಟ್‌ಗಳು ಗೇಟಿನ ಆ ತುದಿಯಲ್ಲಿ ಮೇಲೆದ್ದು ನಿಲ್ಲುತ್ತವೆ, ಮರೆಯದೆ ಎತ್ತಿಕೊಳ್ಳಿ, ಇಳಿಯುವಾಗ ಮತ್ತೆ ಬೇಕು. ಯಂತ್ರದಿಂದ ಟಿಕೆಟ್ ಜೊತೆ ಬರುವ ಕಾರ್ಡ್ ಪಾವತಿಯ ಚೀಟಿಯೂ ಅದೇ ಗಾತ್ರ. ಅದನ್ನು ಬೇರೆ ಜೇಬಿಗೆ ಹಾಕಿಬಿಡುವುದೇ ಒಳ್ಳೆಯದು. ಈ ಗೊಂದಲ ಬೇಡವೆಂದರೆ ಸ್ಮಾರ್ಟ್ ಇಎಕ್ಸ್ ಆ್ಯಪ್‌ನಲ್ಲಿ ಕಾದಿರಿಸಿ, ಐಸಿ ಕಾರ್ಡ್ ಅಥವಾ ಕ್ಯೂಆರ್ ಕೋಡ್ ಮುಟ್ಟಿಸಿ ಹೋಗಬಹುದು. ಆಗ ಗೇಟಿನಿಂದ ಹೊರಬರುವ ಸಣ್ಣ ಚೀಟಿಯಲ್ಲಿ ಬೋಗಿ ಮತ್ತು ಸೀಟಿನ ಸಂಖ್ಯೆ ಇರುತ್ತದೆ.

ದೊಡ್ಡ ಸೂಟ್‌ಕೇಸ್ ಇದ್ದರೆ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿ. 160 ಸೆಂಟಿಮೀಟರ್ ದಾಟಿದರೆ ಟೊಕಾಯ್ಡೊ (ಟೋಕಿಯೊ–ಶಿನ್-ಒಸಾಕಾ), ಸಾನ್ಯೊ (ಶಿನ್-ಒಸಾಕಾ–ಹಕಾತಾ), ಕ್ಯುಶು (ಹಕಾತಾದಿಂದ ದಕ್ಷಿಣಕ್ಕೆ) ಶಿಂಕನ್ಸೆನ್ ಮಾರ್ಗಗಳಲ್ಲಿ ದೊಡ್ಡ ಸಾಮಾನಿನ ಜಾಗ ಇರುವ ಸೀಟನ್ನೇ ಕಾದಿರಿಸಬೇಕು. ಮೊದಲೇ ಮಾಡಿದರೆ ಅದಕ್ಕೆ ಹೆಚ್ಚುವರಿ ಹಣವಿಲ್ಲ, ಮಾಡದೆ ಹತ್ತಿದರೆ 1,000 ಯೆನ್. 250 ದಾಟಿದ್ದನ್ನು ಒಳಗೆ ಬಿಡುವುದೇ ಇಲ್ಲ. ಬೋಗಿಯ ಕೊನೆಯ ಸಾಲಿನ ಈ ಸೀಟುಗಳು ಕೆಲವೇ ಇರುವುದರಿಂದ ಬೇಗ ಭರ್ತಿಯಾಗುತ್ತವೆ. ಸ್ಟೇಷನ್ ಟಿಕೆಟ್‌ಗಳ ಮಾರಾಟ ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ, ಜಪಾನಿನ ಬೆಳಗ್ಗೆ 10ಕ್ಕೆ ಶುರು. ಹೊಸ ವರ್ಷ, ಏಪ್ರಿಲ್ ಕೊನೆಗೆ ಶುರುವಾಗುವ ಗೋಲ್ಡನ್ ವೀಕ್ ರಜೆ ಮತ್ತು ಆಗಸ್ಟ್‌ನ ಒಬೋನ್ ಹಬ್ಬದ ಸಮಯದಲ್ಲಿ ನೊಜೊಮಿಯ ಎಲ್ಲ ಬೋಗಿಗಳೂ ಕಾದಿರಿಸಿದವರಿಗೇ ಮೀಸಲು. ಬೇರೆ ದಿನಗಳಲ್ಲಿ ಮಾಮೂಲಿ ಟಿಕೆಟ್ ಇದ್ದು ರೈಲು ತಪ್ಪಿದರೆ, ಅದೇ ದಿನದ ಮುಂದಿನ ರೈಲಿನ ಕಾದಿರಿಸದ ಬೋಗಿಗೆ ಅದೇ ಟಿಕೆಟ್ ಹಿಡಿದು ಹತ್ತಬಹುದು, ಹೊಸದು ಕೊಳ್ಳಬೇಡಿ.