ಗೊಂಬೆ ಅಂಗಡಿಯ ವೆಬ್‌ಸೈಟ್ ತೆರೆಯುವ ಹಿಂದಿನ ದಿನ

ಚನ್ನಪಟ್ಟಣದ ಗೊಂಬೆ ಮಾರುವ ಸಣ್ಣ ಅಂಗಡಿಯೊಂದರ ವೆಬ್‌ಸೈಟ್ ಮರುದಿನ ಶುರುವಾಗಬೇಕಿತ್ತು. ಅದಕ್ಕೂ ಮೊದಲು ಎಲ್ಲ ಕಾನೂನಿಗೆ ಸರಿಯಿದೆಯೇ ಎಂದು ನೋಡಬೇಕಿತ್ತು. ಇಂಥ ಪರಿಶೀಲನೆಗೆ ಕೂತರೆ ಮಾಲೀಕರು ಮೊದಲು ತೆರೆದು ತೋರಿಸುವುದು ನಿಯಮ ಮತ್ತು ಷರತ್ತುಗಳ ಪುಟವನ್ನು. ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ತಕರಾರು ಹುಟ್ಟುವುದು ಡೊಮೈನ್ (ಸೈಟಿನ ವಿಳಾಸದ ಹೆಸರು) ಯಾರ ಹೆಸರಿನಲ್ಲಿದೆ, ಸೈಟಿನ ಕೋಡ್ ಯಾರದು, ಗೊಂಬೆಯ ಪುಟದಲ್ಲಿ ಏನು ಬರೆದಿದೆ ಎನ್ನುವಲ್ಲಿ.

ಆದ್ದರಿಂದ ಮೊದಲು ತೆರೆದದ್ದು ಡೊಮೈನ್ ಕೊಂಡ ಖಾತೆ. ನೋಂದಣಿದಾರರ ಜಾಗದಲ್ಲಿ ಡೆವಲಪರ್ ಹೆಸರು, ಅವರದೇ ಇಮೇಲ್. ಹಣ ಕೊಟ್ಟವರು ಅಂಗಡಿಯವರು, ಆದರೆ ದಾಖಲೆಯಲ್ಲಿ ಅವರು ಎಲ್ಲೂ ಇಲ್ಲ. ಇಬ್ಬರಿಗೂ ಮನಸ್ತಾಪ ಬಂದ ದಿನ, ಅಥವಾ ನವೀಕರಣದ ಮೇಲ್ ಡೆವಲಪರ್ ಕಣ್ಣಿಗೆ ಬೀಳದೇ ಹೋದ ದಿನ, ಹೆಸರು ಕೈತಪ್ಪುತ್ತದೆ. ನೋಂದಣಿದಾರರ ಹೆಸರನ್ನು ಅಂಗಡಿಗೆ ಬದಲಿಸಿ, ಲಾಗಿನ್‌ನ ಒಟಿಪಿ ಮಾಲೀಕರ ಮೊಬೈಲಿಗೇ ಬರುವಂತೆ ಮಾಡಬೇಕು. ಜೊತೆಗೆ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ 28ನೇ ವರ್ಗ (ಆಟಿಕೆ) ಮತ್ತು 35ನೇ ವರ್ಗ (ಮಾರಾಟ ಸೇವೆ) ಎರಡನ್ನೂ ನೋಡಬೇಕು. ಡೊಮೈನ್ ಸಿಕ್ಕಿತು ಎಂದ ಮಾತ್ರಕ್ಕೆ ಆ ಹೆಸರು ನಮ್ಮದಾಗುವುದಿಲ್ಲ. ಸಿಫಿ ಮತ್ತು ಸಿಫಿನೆಟ್ ಎಂಬ ಎರಡು ಕಂಪನಿಗಳ ನಡುವೆ ಹೆಸರಿಗಾಗಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಶುರುವಾದ ದಾವೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಇದೆ ಎಂದು 2004ರಲ್ಲಿ ಇತ್ಯರ್ಥವಾಯಿತು.

ಕೋಡ್ ಮತ್ತು ಫೋಟೊ ವಿಷಯದಲ್ಲಿ ಜನ ಎಡವುವುದೇ ಹೆಚ್ಚು, ಏಕೆಂದರೆ ಎರಡಕ್ಕೂ ನಿಯಮ ಒಂದೇ ಅಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ನಾವು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಾವೇ ಮೊದಲ ಒಡೆಯರು. ನೌಕರರಲ್ಲದ, ಸ್ವತಂತ್ರವಾಗಿ ಕೆಲಸ ಮಾಡುವ ಡೆವಲಪರ್ ಬರೆದ ಕೋಡ್ ಮಾತ್ರ, ಪೂರ್ತಿ ಹಣ ಸಂದಾಯವಾಗಿದ್ದರೂ, ಅವರದೇ. ಅದನ್ನು ಬರಹದಲ್ಲಿ, ಸಹಿ ಹಾಕಿಸಿ ವರ್ಗಾಯಿಸಿಕೊಳ್ಳಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷಕ್ಕೆ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅರ್ಥ. ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂಬ ನಾಲ್ಕು ಪದ ಸೇರಿಸಿದರೆ ಮುಗಿಯಿತು. ವಾಟ್ಸ್‌ಆ್ಯಪ್‌ನಲ್ಲಿ ಸರಿ ಅಂದದ್ದನ್ನು ನೆಚ್ಚಿಕೊಂಡು ಕೂರಬಾರದು.

ಮಧ್ಯಾಹ್ನವೆಲ್ಲ ಹೋದದ್ದು ಗೊಂಬೆಗಳ ಪುಟಗಳಿಗೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಗೊಂಬೆಗೆ ವಿನಾಯಿತಿ ಇದೆ; ಒಂದು ಊರಿನ ವಿಶಿಷ್ಟ ವಸ್ತುವಿಗೆ ಸಿಗುವ ಭೌಗೋಳಿಕ ಗುರುತಿನ (ಜಿಐ) ಅಧಿಕೃತ ಬಳಕೆದಾರರಿಗೂ ಇದೆ. ಅಂದರೆ ವಿನಾಯಿತಿ ಊರಿಗಲ್ಲ, ವ್ಯಕ್ತಿಗೆ. ಚನ್ನಪಟ್ಟಣದಲ್ಲಿ ಕೊಂಡು ತಂದೆ ಎಂದರೆ ಸಾಲದು. ಗೊಂಬೆ ಕೊಟ್ಟ ಕುಶಲಕರ್ಮಿಯ ಗುರುತಿನ ಚೀಟಿಯ ಪ್ರತಿ ಕಡತದಲ್ಲಿರಬೇಕು. ಅಂಗಡಿಯವರು ಬೇರೆಯವರಿಂದ ಕೊಂಡು ಮಾರುತ್ತಿದ್ದರೆ, ಆ ವಿನಾಯಿತಿ ತಮಗೆ ಎಷ್ಟು ಅನ್ವಯಿಸುತ್ತದೆ ಎಂದು ಐಎಸ್‌ಐ ಗುರುತು ಕೊಡುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಶಾಖಾ ಕಚೇರಿಯಿಂದ ಬರಹದಲ್ಲೇ ಕೇಳಿ ಪಡೆಯುವುದು ಕ್ಷೇಮ.

ಅದೇ ಪಟ್ಟಿಯಲ್ಲಿ ಸಗಟಿನಲ್ಲಿ ತಂದ ಬ್ಯಾಟರಿ ಕಾರುಗಳೂ ಇದ್ದವು. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿದ್ದರೆ ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು ಬರಬೇಕು. ಈ ಕಾರುಗಳ ಪೆಟ್ಟಿಗೆಯಲ್ಲಿ ಗುರುತೇ ಇರಲಿಲ್ಲ. ಇಂಥದ್ದಕ್ಕೆ ತಿದ್ದುಪಡಿ ಇಲ್ಲ, ಪುಟವನ್ನೇ ತೆಗೆಯಬೇಕು.

ವಿವರಣೆಯ ಸಾಲು ಇನ್ನೊಂದು ಗಂಡಾಂತರ: ‘ನೂರಕ್ಕೆ ನೂರು ರಾಸಾಯನಿಕಮುಕ್ತ, ಮಗು ಬಾಯಿಗಿಟ್ಟರೂ ಸುರಕ್ಷಿತ’. ಪ್ರಯೋಗಾಲಯದ ವರದಿ ಇಲ್ಲದೆ ಇದನ್ನು ಬರೆಯುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ‘ಹಾಲೆ ಮರ, ಅರಗಿನ ಬಣ್ಣ’ ಎಂದರೆ ನಿಜವೂ ಹೌದು, ಸಾಕೂ ಹೌದು. ಪ್ಯಾಕ್ ಮಾಡಿದ ಗೊಂಬೆಗೆ ತಯಾರಕರ ಹೆಸರು ವಿಳಾಸ, ತಯಾರಾದ ದೇಶ, ಒಳಗೆಷ್ಟು ತುಂಡು, ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳುವ ಸಂಪರ್ಕ, ಇವೆಲ್ಲ ಪೆಟ್ಟಿಗೆಯ ಮೇಲೆ ಮಾತ್ರವಲ್ಲ, ಸೈಟಿನ ಪುಟದಲ್ಲೂ ಇರಬೇಕು. ತಯಾರಾದ ತಿಂಗಳು ಮತ್ತು ವರ್ಷಕ್ಕೆ ಮಾತ್ರ ಅಲ್ಲಿ ರಿಯಾಯಿತಿ.

ಇಷ್ಟರಲ್ಲಿ ಪರದೆಯ ಮೂಲೆಯಲ್ಲೊಂದು ಗಡಿಯಾರ ಓಡುತ್ತಿರುವುದು ಕಂಡಿತು: ‘ಈ ಬೆಲೆ ಇನ್ನು 14 ನಿಮಿಷ ಮಾತ್ರ’. ಪುಟ ರಿಫ್ರೆಶ್ ಮಾಡಿದರೆ ಮತ್ತೆ 15ರಿಂದ ಶುರು. ಅದನ್ನು ಯಾರೂ ಬೇಕೆಂದು ಹಾಕಿರಲಿಲ್ಲ, ಥೀಮ್ (ಸೈಟಿಗೆ ಬಳಸಿದ ಸಿದ್ಧ ವಿನ್ಯಾಸ) ಜೊತೆಗೇ ಬಂದದ್ದು. ಆದರೆ 2023ರ ನವೆಂಬರ್‌ನ ಕೇಂದ್ರದ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿ ನಿಷೇಧಿಸಿದ 13 ಮೋಸದ ವಿನ್ಯಾಸಗಳಲ್ಲಿ ಸುಳ್ಳು ಅವಸರ ಹುಟ್ಟಿಸುವುದೂ ಒಂದು. ಬಿಲ್ ಪುಟದಲ್ಲಿ ಮೊದಲೇ ಟಿಕ್ ಆಗಿದ್ದ ‘ಒಪ್ಪಿದ್ದೇನೆ’ ಚೌಕವೂ 2020ರ ಇ-ಕಾಮರ್ಸ್ ನಿಯಮಗಳಿಗೆ ವಿರುದ್ಧ. ಅದರ ಕೆಳಗೆ ಮಗುವಿನ ಹೆಸರು, ಹುಟ್ಟಿದ ದಿನ ಕೇಳುವ ಜಾಗ. ಹುಟ್ಟುಹಬ್ಬಕ್ಕೆ ರಿಯಾಯಿತಿ ಕಳಿಸುವ ಆಸೆ ಒಳ್ಳೆಯದೇ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ಕಳಿಸುವಂತಿಲ್ಲ. ಗೊಂಬೆ ತಲುಪಿಸಲು ಹೆಸರು, ವಿಳಾಸ, ಫೋನ್ ಸಾಕು. ಉಳಿದ ಜಾಗಗಳನ್ನು ಅಳಿಸಿದ್ದೇ ಒಳ್ಳೆಯದಾಯಿತು. ಯಾವ ಮಾಹಿತಿಯನ್ನು ಏಕೆ ಪಡೆಯುತ್ತೇವೆ ಎಂದು ತಿಳಿಸಲು ಆ ಕಾಯ್ದೆ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು ಎಂಬುದನ್ನು ಕನ್ನಡದ ಅಂಗಡಿಗಳೇ ಮರೆಯಬಾರದು.

ಕೊನೆಗೆ ಷರತ್ತುಗಳ ಪುಟ. ಎಲ್ಲಿಂದಲೋ ನಕಲು ಮಾಡಿದ್ದರಿಂದ ಅಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಕೂತಿತ್ತು. ಅದನ್ನು ತೆಗೆದು ‘ಬೆಂಗಳೂರು ನ್ಯಾಯಾಲಯ ಮಾತ್ರ’ ಎಂದು ಬರೆದರೂ ಗ್ರಾಹಕರ ಮೇಲೆ ಅದು ನಡೆಯುವುದಿಲ್ಲ. ಬೀದರಿನಲ್ಲಿ ಗೊಂಬೆ ತರಿಸಿಕೊಂಡವರು ಬೀದರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಲ್ಲಿಗೆ ಹೋಗದಂತೆ ತಡೆಯುವುದು ವಾಪಸಾತಿಯ ಸ್ಪಷ್ಟ ನಿಯಮ: ಎಷ್ಟು ದಿನದೊಳಗೆ, ಕೊರಿಯರ್ ಖರ್ಚು ಯಾರದು, ಅರಗು ಬಿರುಕು ಬಿಟ್ಟು ಬಂದರೆ ಏನು. ಜೊತೆಗೆ ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಫೋನ್. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ದೂರಿನ ಫಾರಂ ತುಂಬಿ ಕಳಿಸಿ ನೋಡಿದರೆ ಅದು ಯಾರಿಗೂ ಬರಲಿಲ್ಲ. ಥೀಮ್‌ನಲ್ಲಿದ್ದ ಮಾದರಿ ವಿಳಾಸಕ್ಕೆ ಹೋಗುತ್ತಿತ್ತು. ವಿಳಾಸ ಬದಲಿಸಿ, ಇನ್ನೊಮ್ಮೆ ಕಳಿಸಿ, ಅದು ಮಾಲೀಕರ ಮೊಬೈಲಿಗೆ ಬಂದ ಮೇಲೆಯೇ ಸೈಟನ್ನು ಎಲ್ಲರಿಗೂ ತೆರೆಯಲು ಒಪ್ಪಿಗೆ ಕೊಟ್ಟದ್ದು.